ಕಣ್ಣಿ ಇಟ್ಟುಕೊಂಡು ಮಾರಿದ ಕಾರು

೧೯೪೧ನೆಯ ಇಸವಿ ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ನನ್ನ ಮೊದಲ ಕಾರು ಮಾರಾಟವಾಗಿ, ರಾಯದುರ್ಗದ ನಮ್ಮ ಮನೆಯ ಮುಂದಿನಿಂದ ಮಡಕಶಿರದ ಕಡೆಗೆ ಹೊರಟುಹೋಯಿತು. ಅದನ್ನು ಎಬ್ಬಿಸುವ ಹ್ಯಾಂಡಲು ಮಾತ್ರ ಹೋಗಲಿಲ್ಲ.

ಇಂಥ ವಾಕ್ಯಗಳನ್ನು ಬರೆದೇ ನಾನು ಹೊಟ್ಟೆ ಹೊರೆದವನು. ಮದರಾಸಿನ ಒಂದು ಪತ್ರಿಕೆಗೆ ಆಗ ನಾನು ರಾಯದುರ್ಗದ ವರದಿಗಾರ. ಏನಾಯಿತೋ ಅಷ್ಟನ್ನು ತಿಳಿಸಿ, ನಿಮಗೆ ಏನನ್ನಿಸಿತು ಎಂಬುದು ಓದುಗರಿಗೆ ಬೇಡ ಎಂದು ಸಂಪಾದಕರು ಕಾರ್ಡು ಬರೆಯುತ್ತಿದ್ದರು. ಹೊಲಕ್ಕೆ ಸಿಡಿಲು ಬಿದ್ದರೂ, ಸಂತೆಗೆ ಬೆಂಕಿ ಬಿದ್ದರೂ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬರೆದು ಅಂಚೆಗೆ ಹಾಕಿ ಊಟಕ್ಕೆ ಕೂರುವುದು ನನಗೆ ಅಭ್ಯಾಸವಾಗಿತ್ತು. ಹಾಗಿದ್ದವನು ನನ್ನದೇ ಕಾರಿನ ವಿಷಯದಲ್ಲಿ ದಂಗಾದೆ. ಆ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವಾರ ರಜೆಗೆ ಊರಿಗೆ ಬಂದಾಗ ಮನೆಗೆ ಸುಣ್ಣ ಬಳಿಯುತ್ತಿದ್ದರು. ಬಳಿಯುವವಳು ಕೊಟ್ಟಿಗೆಯ ಗೋಡೆಯ ಮುಂದೆ ನಿಂತು, "ಈ ಗೂಟ ಕಿತ್ತುಬಿಡ್ಲೇನ್ರಿ? ಕುಂಚಕ್ಕ ಅಡ್ಡ ಬರತೈತಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಸೋದರತ್ತೆ ಗಂಗಮ್ಮನ ದನಿ ಬಂತು: "ಆ ಗೂಟದ ತಂಟೆಗೆ ಹೋಗಬ್ಯಾಡ. ಸುತ್ತ ಬಳಿ." ಬಳಿಯುವವಳು ಸುತ್ತ ಬಳಿದಳು. ಬಿಳಿ ಗೋಡೆಯ ನಡುವೆ ಗೂಟವೂ, ಅದರ ಹಿಂದಿನ ಒಂದು ಗೇಣು ಹಳೆಯ ಗೋಡೆಯೂ, ಗೂಟಕ್ಕೆ ನೇತುಹಾಕಿದ ಹಗ್ಗಗಳೂ, ಹಗ್ಗಗಳ ನಡುವೆ ಬಾಗಿದ ಒಂದು ಕಬ್ಬಿಣವೂ ಇದ್ದ ಹಾಗೇ ಉಳಿದವು.

ಆ ಗೂಟದ ಸಂಗತಿ ಹೇಳದೆ ಕಾರಿನ ಸಂಗತಿ ಹೇಳಲಾಗುವುದಿಲ್ಲ.

ನಮ್ಮ ಕಡೆ ದನ ಮಾರಿದರೆ ಅದನ್ನು ಕಟ್ಟಿದ ಹಗ್ಗವನ್ನು, ಎಂದರೆ ಕಣ್ಣಿಯನ್ನು, ಕೊಳ್ಳುವವರಿಗೆ ಕೊಡುವುದಿಲ್ಲ. ದನ ಹೋದರೂ ಅದರ ಭಾಗ್ಯ ಕೊಟ್ಟಿಗೆಯಲ್ಲಿ ಉಳಿಯಬೇಕು. ಕಣ್ಣಿ ಹೋದರೆ ಹಿಂದಿನಿಂದ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಂಬಿಕೆ. ಕೊಳ್ಳುವವರಿಗೂ ಇದು ಗೊತ್ತು. ಅವರು ತಮ್ಮ ಹೊಸ ಹಗ್ಗ ತರುತ್ತಾರೆ. ಹಳೆಯದನ್ನು ಕೇಳುವುದು, ಉಂಡ ಮನೆಯಲ್ಲಿ ತಟ್ಟೆಯನ್ನೂ ಕಟ್ಟಿಕೊಡಿ ಎಂದ ಹಾಗೆ.

ನಾನು ಚಿಕ್ಕವನಿದ್ದಾಗ ಆ ಗೂಟದ ಹಗ್ಗಗಳಿಗೆಲ್ಲ ಹೆಸರಿದ್ದವು. ಗಂಟು ಬಿಗಿದದ್ದು ಕೆಂದಿಯದು. ನಡುವೆ ಕೆಂಪು ಬಟ್ಟೆ ಹೊಸೆದದ್ದು ಹಾಯುವ ಎತ್ತಿನದು. ಅಮ್ಮ ಹೊಡೆಯಲು ಬಂದರೆ ನಾನು ಅಡಗುತ್ತಿದ್ದದ್ದು ಆ ಗೂಟದ ಕೆಳಗೆ. ಹಗ್ಗಗಳು ತಲೆಗೆ ತಾಗುತ್ತಿದ್ದವು. ಸೆಗಣಿ, ಒಣಹುಲ್ಲು, ದನದ ಕೊರಳಿನ ಬೆವರು ಮೂರೂ ಬೆರೆತ ಒಂದು ವಾಸನೆ ಇರುತ್ತಿತ್ತು. ಮಾರಿಹೋದ ದನಗಳೆಲ್ಲ ಬಂದು ನನ್ನ ತಲೆ ಮೂಸುತ್ತಿವೆ ಎಂದುಕೊಂಡು ಅಲ್ಲೇ ನಿದ್ದೆ ಹೋದದ್ದೂ ಉಂಟು. ಹೀಗೆ ಬೆಳೆದವನಿಗೆ ಮುಂದಿನದು ಹೊಳೆಯಬೇಕಿತ್ತು ಎಂದು ನೀವು ಅನ್ನಬಹುದು. ಹೊಳೆಯಲಿಲ್ಲ.

ಕಾರನ್ನು ನಾನು ಕೊಂಡದ್ದು ಬಳ್ಳಾರಿಯಿಂದ ವಿಲಾಯಿತಿಗೆ ಮರಳುತ್ತಿದ್ದ ಒಬ್ಬ ಆಂಗ್ಲ ಅಧಿಕಾರಿಯಿಂದ. ಸಣ್ಣದು, ಕಪ್ಪುಬಣ್ಣದ್ದು, ನಾಲ್ಕು ಜನ ಕೂತರೆ ಐದನೆಯವರ ಮೊಣಕಾಲಿಗೆ ಜಾಗವಿಲ್ಲ. ಕಾಲಿನಲ್ಲಿ ಒತ್ತಿ ಎಬ್ಬಿಸುವ ಸ್ಟಾರ್ಟರ್ ನಾನು ಕೊಳ್ಳುವ ಮೊದಲೇ ಸತ್ತಿತ್ತು. ಇಳಿಜಾರಿನಲ್ಲಿ ತಳ್ಳಿದರೆ ಏಳುತ್ತಿತ್ತು. ಉಳಿದ ಕಡೆ ಮೂತಿಯ ಕೆಳಗಿನ ತೂತಿಗೆ ಹ್ಯಾಂಡಲು ತೂರಿಸಿ ತಿರುವಬೇಕು. ತಿರುವುವ ಕೈ ತಪ್ಪಿದರೆ ಅದು ತಿರುಗಿ ಒದೆಯುತ್ತದೆ. ನನ್ನ ಬಲ ಮುಂಗೈ ಇಂದಿಗೂ ಸ್ವಲ್ಪ ಸೊಟ್ಟಗಿದೆ.

ಅದನ್ನು ನಿಲ್ಲಿಸಲು ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿತು. ಅತ್ತೆ ಮೊದಲ ದಿನವೇ ಅದಕ್ಕೆ ಕರಿಯ ಎಂದು ಹೆಸರಿಟ್ಟಳು. ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಹಚ್ಚಿ ಮಿಕ್ಕ ಕೆಮ್ಮಣ್ಣನ್ನು ಮಡ್‌ಗಾರ್ಡಿಗೆ ಬಳಿದಳು. ಅದೇ ಅಲಂಕಾರದಲ್ಲಿ ನಾನು ಬೊಮ್ಮನಹಾಳಿಗೆ ಒಬ್ಬ ದೊಡ್ಡ ಅಧಿಕಾರಿಯ ಭೇಟಿಯ ವರದಿಗೆ ಹೋದೆ. ಅಲ್ಲಿ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ನಾಟಿ ಬಿಟ್ಟು ಬದುವಿಗೆ ಬಂದು, "ಕೊಂಬು ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳಿದರು. ಅಧಿಕಾರಿಗಿಂತ ನನ್ನನ್ನು ನೋಡಿದವರೇ ಹೆಚ್ಚು. ಆ ವಾಕ್ಯವನ್ನು ನಾನು ವರದಿಯಲ್ಲಿ ಹಾಕಲಿಲ್ಲ.

ಯುದ್ಧ ಶುರುವಾದ ಮೇಲೆ ಪತ್ರಿಕೆಯವರು ನನ್ನನ್ನು ಮದರಾಸಿನ ಕಚೇರಿಗೇ ಕರೆದರು. ಕಾರು ಅಷ್ಟು ದೂರ ಬರುವ ಸ್ಥಿತಿಯಲ್ಲಿರಲಿಲ್ಲ. ಮಾರುತ್ತೇನೆಂದು ನಾಲ್ಕು ಕಡೆ ಹೇಳಿದೆ. ಸುದ್ದಿ ಕಲ್ಯಾಣದುರ್ಗ ದಾಟಿ ಮಡಕಶಿರ ಮುಟ್ಟಿ, ಅಲ್ಲಿಂದಾಚೆ ಅಗಳಿಯವರೆಗೂ ಹೋಯಿತು. ಅಗಳಿಯಿಂದ ಬಂದವರು ಹನುಮಂತರಾಯಪ್ಪ. ಕಡಲೆಕಾಯಿ, ರಾಗಿ, ಹಿಪ್ಪುನೇರಳೆ ತೋಟ, ಒಂದು ಹಿಂಡು ಕುರಿ, ಇವುಗಳ ಒಡೆಯರು. ಬಿಳಿ ಮೀಸೆ, ಹೆಗಲ ಮೇಲೆ ಟವಲು. ಜೊತೆಗೆ ಹಿಂದೂಪುರದ ಡ್ರೈವರು ಮಸ್ತಾನ್.

ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಕಾರು ಯಾಕೆ ಬೇಕಾಯಿತೆಂದು ಅವರೇ ಹೇಳಿದರು.

"ನಮ್ ಹುಡುಗಿ ರಂಗಮ್ಮ ಚೊಚ್ಚಲ ಕೂಸು ಕಳ್ಕಂಡ್ಲು ಸ್ವಾಮಿ. ಹಿಂದೂಪುರದ ಆಸ್ಪತ್ರೆಗೆ ಗಾಡಿ ಕಟ್ಟಿಸ್ಕಂಡ್ ಹೋದ್ವಿ. ಹೊತ್ತಾರೆ ಕಟ್ಟಿದ ಗಾಡಿ, ಊರು ಮುಟ್ಟೋ ಹೊತ್ಗೆ ದೀಪ ಹಚ್ಚಿದ್ರು. ಲೇಡಿ ಡಾಕ್ಟ್ರು ಒಂದೇ ಮಾತಂದ್ರು, ಮದ್ಯಾನ್ನ ತಂದಿದ್ರೆ ಆಗಿತ್ತು ಅಂತ. ಈಗ ಮತ್ತೆ ದಿನ ತುಂಬ್ತಾ ಐತೆ. ಮನ್ಯಾಗೆ ಎತ್ತಿಗೇನೂ ಕಮ್ಮಿ ಇಲ್ಲ. ಎತ್ತಿನಿಂದ ಆಗೋ ಕೆಲ್ಸ ಅಲ್ಲ ಅಂತ ಗೊತ್ತಾಯ್ತು."

ಮಡಕಶಿರದಲ್ಲಿ ಬಾಡಿಗೆಗೆ ಒಂದೇ ಕಾರಿತ್ತು. ಅದು ಬೇಕೆಂದಾಗ ಸಿಗುತ್ತಿರಲಿಲ್ಲ. ಮಗಳಿಗೆ ದಿನ ಹತ್ತಿರ ಬಂದಾಗ ಬಾಗಿಲಲ್ಲಿ ಒಂದು ಸ್ವಂತ ಕಾರು ನಿಂತಿರಬೇಕೆಂಬುದು ಅವರ ಲೆಕ್ಕ.

ಇಷ್ಟು ಕೇಳಿದ ಮೇಲೆ ನಾನು ಕಾರಿನ ದೋಷಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಎಡಗಡೆಯ ಬಾಗಿಲು ದಾರ ಕಟ್ಟದಿದ್ದರೆ ತೆರೆದುಕೊಳ್ಳುತ್ತದೆ. ಬ್ರೇಕು ಒತ್ತಿದ ಮೇಲೆ ಸ್ವಲ್ಪ ಯೋಚನೆ ಮಾಡುತ್ತದೆ. ಸ್ಟಾರ್ಟರ್ ಇಲ್ಲ, ಹ್ಯಾಂಡಲು ತಿರುವಿದರೆ ಮಾತ್ರ ಏಳುತ್ತದೆ. ಕೊನೆಯದನ್ನು ಎರಡು ಸಲ ಹೇಳಿದೆ. ಅವರು ಎರಡು ಸಲವೂ ತಲೆದೂಗಿದರು.

ಆಮೇಲೆ ಕೊಟ್ಟಿಗೆಗೆ ಹೋಗಿ ಕಾರಿನ ಸುತ್ತ ಬಂದರು. ಮೂತಿ ತಟ್ಟಿದರು. ಮುಚ್ಚಳ ಎತ್ತಿಸಿ, ಹಲ್ಲು ನೋಡುವ ಹಾಗೆ ಒಳಗೆ ಬಗ್ಗಿ ನೋಡಿದರು. ದನದ ಮೈಯ ಕೂದಲ ಸುಳಿ ಹುಡುಕುವವರಂತೆ ಹಿಂದಿನ ಮಡ್‌ಗಾರ್ಡಿನ ತಗ್ಗಿನ ಮೇಲೆ ಬೆರಳಾಡಿಸಿ, "ಸುಳಿ ಇಲ್ಲೊಂದು ಐತಲ್ಲ" ಎಂದರು.

"ಅದು ಸುಳಿ ಅಲ್ರಿ, ನಮ್ಮ ಎಮ್ಮಿ ಹಾಯ್ದದ್ದು" ಎಂದಳು ಅತ್ತೆ ಒಳಬಾಗಿಲಿನಿಂದ.

"ಎಮ್ಮೆ ಆಯ್ದಾಗ ಇದು ಸುಮ್ಕಿತ್ತಾ ತಾಯಿ?"

"ಸುಮ್ಮನ ಇತ್ತು. ಭಾಳ ಸಾಧು."

"ಆಗಾದ್ರೆ ಸರಿ ಬುಡಿ. ದಾರ್‍ಯಾಗೆ ಮಲಗೋ ಚಾಳಿ?"

"ಒಮ್ಮೊಮ್ಮಿ ಮಲಗತೈತಿ. ನಮ್ಮ ಹುಡುಗ ಬಾಲ ತಿರುವಿ ಎಬ್ಬಸ್ತಾನ."

ಹನುಮಂತರಾಯಪ್ಪ ನಕ್ಕರು. ನಾನೂ ನಕ್ಕೆ. ಬಾಲ ತಿರುವುವುದೆಂದರೆ ಅತ್ತೆಯ ಮನಸ್ಸಿನಲ್ಲಿ ನಿಜವಾಗಿ ಬಾಲ ತಿರುವುವುದೇ ಎಂದು ನನಗೆ ಆಗ ತಿಳಿಯಲಿಲ್ಲ.

ವ್ಯಾಪಾರಕ್ಕೆ ಕೂತಾಗ ಅವರು ಟವಲನ್ನು ಕೈಮೇಲೆ ಹಾಸಿ ಅದರ ಕೆಳಗೆ ಬಲಗೈಯನ್ನು ನನ್ನ ಕಡೆ ಚಾಚಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಹಿಡಿದ ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ನಾನು ಮದರಾಸಿಗೆ ಹೊರಟು ನಿಂತವನು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದೆ. ಅವರ ಮುಖ ಬಿಳಿಚಿಕೊಂಡಿತು. "ಐದಕ್ಕೆ ಐದೂ ಬೆಟ್ಟು ಇಡಿದ್ರಲ್ಲ ಸ್ವಾಮಿ" ಎಂದರು ಮೆಲ್ಲಗೆ. ನಾನು ಗಾಬರಿಯಾಗಿ ಕೈಬಿಟ್ಟು ಬೆಲೆಯನ್ನು ಬಾಯಿಂದಲೇ ಹೇಳಿದೆ. ಒಂದು ಒಳ್ಳೆಯ ಜೋಡಿ ಎತ್ತಿನ ಬೆಲೆ ಅದು. ಅವರು ಒಪ್ಪಿದರು, ಆದರೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಬೀದಿಯ ಎರಡೂ ಕಡೆ ನೋಡಿದರು.

ಗುರುವಾರ ಬೆಳಿಗ್ಗೆ ನಾನು ಕೊನೆಯ ಸಲ ಹ್ಯಾಂಡಲು ತಿರುವಿ ಕಾರನ್ನು ಎಬ್ಬಿಸಿ, ಹ್ಯಾಂಡಲನ್ನು ಎಂದಿನಂತೆ ಹಿಂದಿನ ಸೀಟಿನ ಕೆಳಗೆ ಇಟ್ಟೆ. ಇಂಜಿನು ಗುಡುಗುಡು ಎನ್ನುತ್ತಿರುವಾಗಲೇ ಅತ್ತೆ ಮೂತಿಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ಕಾರಿನೊಳಗೂ ಬಗ್ಗಿ ಅಕ್ಕಿಕಾಳು ಹಾಕಿದಳು. ಹನುಮಂತರಾಯಪ್ಪ ತಾವು ತಂದಿದ್ದ ಹೊಸ ಹಗ್ಗವನ್ನು ಕಾರಿನ ಮುಂದಿನ ಕಂಬಿಗೆ ಕಟ್ಟಿದರು. ಕಾರಿಗೆ ಹಗ್ಗ ಕಟ್ಟಿದ್ದು ನೋಡಿ ಬೀದಿಯ ಜನ ನಕ್ಕರು. ಅವರು ನಗಲಿಲ್ಲ.

"ಕಣ್ಣಿ ನಮ್ಮಲ್ಲೇ ಇರತೈತ್ರಿ" ಎಂದಳು ಅತ್ತೆ.

"ಅದೇ ಸರಿ ತಾಯಿ. ನಮ್ದು ನಾವು ತಂದಿದೀವಿ" ಎಂದರು ಅವರು.

ಈ ಎರಡು ಮಾತುಗಳನ್ನು ನಾನು ಎರಡು ಮಾರು ದೂರದಲ್ಲಿ ನಿಂತು ಕೇಳಿದೆ. ಹಿರಿಯರ ಉಪಚಾರದ ಮಾತು ಎಂದುಕೊಂಡೆ.

ಸೋಮವಾರ ಸಂಜೆ ಎಮ್ಮೆಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದೆ. ಕಾರು ನಿಂತ ಜಾಗ ಖಾಲಿಯಾಗಿ, ಎಣ್ಣೆ ತೊಟ್ಟಿಕ್ಕಿದ ಕಲೆಯ ಮೇಲೆ ಎಮ್ಮೆ ಕಾಲು ಚಾಚಿ ಮಲಗಿತ್ತು. ಮನಸ್ಸಿಗೆ ಏನೋ ಆಗಿ ಗೂಟದ ಕಡೆ ನೋಡಿದೆ. ಹಗ್ಗಗಳ ನಡುವೆ ಹ್ಯಾಂಡಲು ತೂಗುತ್ತಿತ್ತು. ಅದರ ಬಾಗಿದ ಕಡೆಗೆ ಅರಿಸಿನ, ತುದಿಗೆ ಕುಂಕುಮ.

ಕೈಯಲ್ಲಿದ್ದ ಹುಲ್ಲು ಅಲ್ಲೇ ಬಿತ್ತು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ನನ್ನ ಪ್ರಶ್ನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಅತ್ತೀ, ಇದು ಇಲ್ಲಿಗೆ ಹ್ಯಾಂಗ ಬಂತು?"

"ನಾನ ಇಟ್ಟೀನಿ" ಎಂದಳು ಅತ್ತೆ, ಹಾಲಿನ ಚೊಂಬು ಹಿಡಿದು ಬರುತ್ತಾ. "ಆರತಿ ಮಾಡುವಾಗ ತೊಗೊಂಡೆ."

"ಯಾಕ?"

"ಯಾಕ ಅಂದ್ರ? ಕೊಟ್ಟಿಗೀಯಿಂದ ಹೊರಬಿದ್ದ ಜೀವಾನ ಕಣ್ಣಿ ಸಮೇತ ಕಳಸ್ತಾರೇನು? ಪೇಪರಿಗೆ ಊರ ಮಂದಿ ಸುದ್ದಿ ಎಲ್ಲಾ ಬರೀತಿ, ಇಷ್ಟು ಗೊತ್ತಿಲ್ಲ."

"ಅದು ದನ ಅಲ್ಲ ಅತ್ತೀ. ಇದಿಲ್ಲದ ಅದು ಏಳಂಗಿಲ್ಲ."

"ಹುಟ್ಟಿದ ದನ ಎಲ್ಲಾ ಕಣ್ಣಿ ಇಲ್ಲದ ಏಳ್ತಾವ. ಇದಕ್ಕೇನು ಧಾಡಿ? ಬಾಲ ತಿರುವಾಕ ನಿನ್ನ ಕಬ್ಬಿಣನ ಬೇಕೇನು, ಒಂದು ಬಡಿಗಿ ಸಾಲದಾ? ಆ ಮನಷ್ಯಾಗ ಎಲ್ಲಾ ಗೊತ್ತೈತಿ. ಕೇಳಲಿಲ್ಲ ನೋಡು. ಮರ್ಯಾದಸ್ಥ."

ಅಲ್ಲಿಗೆ ನನಗೆ ಪೂರ್ತಿ ಅರ್ಥವಾಯಿತು. ಇವಳು ಕೊಡಲಿಲ್ಲ, ಅವರು ಕೇಳಲಿಲ್ಲ. ಇಬ್ಬರೂ ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಪಾಡಿದ್ದಾರೆ. ನಡುವೆ ಅಗಳಿಯಲ್ಲಿ ದಿನ ತುಂಬಿದ ಒಬ್ಬ ಹುಡುಗಿ, ಬಾಗಿಲಲ್ಲಿ ಕಾರು ನಿಂತಿದೆ ಎಂದು ಧೈರ್ಯವಾಗಿದ್ದಾಳೆ.

ಅತ್ತೆಯನ್ನು ಕೂರಿಸಿ, ಹ್ಯಾಂಡಲು ಇಲ್ಲದಿದ್ದರೆ ಏನಾಗುತ್ತದೆ ಎಂದು ನಿಧಾನವಾಗಿ ಹೇಳಿದೆ. ಸಮನೆಲದಲ್ಲಿ ನಿಂತರೆ ನಿಂತೇ ಬಿಡುತ್ತದೆ, ಬಡಿಗೆ ಹಾಕಿ ತಿರುವಲು ಬರುವುದಿಲ್ಲ ಎಂದೆ. ಅವಳು ಚೊಂಬು ಕೆಳಗಿಟ್ಟಳು. ಆಮೇಲೆ ಎದ್ದು ಗೂಟದಿಂದ ಹ್ಯಾಂಡಲನ್ನು ತಾನೇ ಇಳಿಸಿದಳು.

"ಒಯ್ಯಿ. ಬೆಳಗಾಗೂತಲೇ ಹೋಗು. ನೀನ ತಿರುವಿ ಎಬ್ಬಿಸಿ ಕೊಡು. ಅವರ ಕೈಗೆ ಕೊಡಬ್ಯಾಡ. ತಿರುಗಿ ತೊಗೊಂಡು ಬಾ."

"ದಿನಾ ನಾನ ಹೋಗಿ ಎಬ್ಬಸ್ಲೇನು?"

"ಹೆರಿಗಿ ಆಗೂತನಕ ಎಬ್ಬಸು. ನಿನ್ನ ಮದ್ರಾಸು ಎಲ್ಲಿಗೂ ಓಡಿ ಹೋಗಂಗಿಲ್ಲ."

ಮರುದಿನ ಹ್ಯಾಂಡಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಪೊಟ್ಟಣ ಮುಟ್ಟಿ ನೋಡಿ, ಬಾವಿ ರಾಟೆಯದೋ, ಕಬ್ಬಿನ ಗಾಣದ್ದೋ ಎಂದು ತೆಲುಗಿನಲ್ಲಿ ಕೇಳಿದ. ಕಾರಿನದು ಎಂದೆ. ಕಾರೆಲ್ಲಿ ಎಂದ. ನನಗೆ ಗೊತ್ತಿದ್ದರೆ ಅಲ್ಲವೇ ಹೇಳುವುದು. ಪೆನ್ನೇರಿನ ಮರಳಿನಲ್ಲಿ ಎಲ್ಲರನ್ನೂ ಇಳಿಸಿ ಬಸ್ಸನ್ನು ತಳ್ಳಿಸಿದರು. ಅಷ್ಟು ಜನ ತಳ್ಳಿದರೂ ಮರಳು ಚಕ್ರವನ್ನು ಬಿಡಲೊಲ್ಲದು. ಕೊನೆಗೆ ಹೇಗೋ ಬಿಟ್ಟಿತು.

ಮಡಕಶಿರದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಅಗಳಿಗೆ ಬಂಡಿ ಸಿಗುತ್ತದೆಯೇ ಎಂದು ಕಾಫಿ ಹೋಟೆಲಿನ ಯಜಮಾನನನ್ನು ಕೇಳಿದೆ.

"ಅಗಳಿನಾಗೆ ಯಾರ ಮನೆ ಸ್ವಾಮಿ?"

"ಹನುಮಂತರಾಯಪ್ಪನವರ ಮನೆ."

"ಅವರ ಕಾರು ಈಗಲೇ ಇಂಗೆ ಹೋಯ್ತಲ್ಲ. ಮಗಳಿಗೆ ನೋವು ಬಂದ್ಬುಡ್ತು ಅಂತ ಹಿಂದೂಪುರಕ್ಕೆ ಓದ್ರು. ಇಲ್ಲಿ ನೀರು ಕುಡ್ಯಾಕೆ ನಿಲ್ಲಿಸ್ದೋರು, ಮತ್ತೆ ಏಳ್ಲಿಲ್ಲ ಅದು. ನಾವೇ ಒಂದಷ್ಟು ಜನ ನೂಕಿ ಇಳಿಜಾರಿಗೆ ಬುಟ್ವಿ. ಗುಡುಗುಡು ಅಂತು, ಓಯ್ತು." ಅವನು ಲೋಟ ತೊಳೆಯುತ್ತಲೇ ಹೇಳಿದ. "ಅದ್ಯಾಕೆ ಸ್ವಾಮಿ, ಆ ಕಾರಿಗೆ ಅಗ್ಗ ಕಟ್ಟವ್ರೆ?"

ಹಿಂದೂಪುರದ ದಾರಿಯಲ್ಲೂ ಒಂದು ಹೊಳೆಯ ಮರಳಿದೆ. ನನಗೆ ಅದು ಗೊತ್ತಿತ್ತು. ಸಿಕ್ಕಿದ ಜಟಕಾ ಹತ್ತಿದೆ. ಕುದುರೆ ಓಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ತನ್ನ ಮಟ್ಟಿಗೆ ಬೇಗ ನಡೆಯಿತು. ಪತ್ರಿಕೆ ಸುತ್ತಿದ ಹ್ಯಾಂಡಲು ತೊಡೆಯ ಮೇಲೆ ಕುಲುಕುತ್ತಿತ್ತು. ಚೊಚ್ಚಲ ಕೂಸು ಹೋದದ್ದು ಇದೇ ದಾರಿಯಲ್ಲಿ ಎಂಬುದು ಒಂದೇ ಸಮನೆ ನೆನಪಾಗುತ್ತಿತ್ತು.

ಹೊಳೆಯ ಮರಳು ಬಂತು. ಕಾರು ಅಲ್ಲಿರಲಿಲ್ಲ. ಚಕ್ರ ಹೂತ ಗುರುತು ಇತ್ತು. ಅದರ ಎರಡೂ ಕಡೆ ದನದ ಗೊರಸಿನ ಗುರುತು. ದಡ ಹತ್ತಿದೆವು. ದಾರಿ ತಿರುಗಿತು.

ಮುಂದೆ ನೆಟ್ಟಗಿನ ರಸ್ತೆಯ ಮೇಲೆ ಧೂಳು. ಧೂಳಿನೊಳಗೆ ನನ್ನ ಕಾರು. ಕಾರಿನ ಮುಂದೆ ಹೊಸ ಹಗ್ಗ. ಹಗ್ಗದ ಆ ತುದಿಗೆ ನೊಗ, ನೊಗಕ್ಕೆ ಒಂದು ಜೋಡಿ ಎತ್ತು.

ನಾನು ಜಟಕಾದಲ್ಲಿ ಕೂತಲ್ಲೇ ಕಲ್ಲಾದೆ. ಎತ್ತಿನಿಂದ ಆಗದೆಂದು ಒಂದು ಜೋಡಿ ಎತ್ತಿನ ಬೆಲೆ ಕೊಟ್ಟು ನನ್ನಿಂದ ಕೊಂಡದ್ದನ್ನು ಒಂದು ಜೋಡಿ ಎತ್ತು ಎಳೆಯುತ್ತಿದ್ದವು. ಹನುಮಂತರಾಯಪ್ಪ ಎತ್ತುಗಳ ಮುಂದೆ ಬರಿಗಾಲಿನಲ್ಲಿ, ಮೂಗುದಾರ ಹಿಡಿದು ಅರ್ಧ ನಡೆದು ಅರ್ಧ ಓಡುತ್ತಿದ್ದರು. ಮಸ್ತಾನ್ ಒಳಗೆ ಚಕ್ರ ಹಿಡಿದು ಕೂತಿದ್ದ. ಹಿಂದಿನ ಕಿಟಕಿಗೆ ಸೀರೆ ಕಟ್ಟಿದ್ದರು.

ಮಸ್ತಾನ್ ನನ್ನನ್ನು ನೋಡಿ ತಲೆ ಹೊರಗೆ ಹಾಕಿದ. "ಮರಳಲ್ಲಿ ನಿಂತುಬಿಡ್ತು ಸಾಬ್. ಹೊಲದವರ ಎತ್ತು ಇಸ್ಕೊಂಡ್ವಿ. ಗೇರಲ್ಲಿ ಹಾಕಿದ್ರೆ ಢಮ್ ಅಂತದೆ, ಎತ್ತು ಚರಂಡಿಗೆ ಹಾರ್ತವೆ. ಎರಡು ಸಲ ಆಯ್ತು. ಹ್ಯಾಂಡಲ್ ಎಲ್ಲಿ ಅಂತ ಮೊದಲ ದಿನವೇ ಕೇಳಿದ್ದೆ ನಾನು. ಕಣ್ಣಿ ಕೇಳಬಾರದಂತೆ, ಹೊಸದು ಮಾಡೋಕೆ ಕಮ್ಮಾರನಿಗೆ ಹೇಳಿದಾರಂತೆ. ಆ ಕಮ್ಮಾರ ಇನ್ನೂ ಕಬ್ಬಿಣ ಕಾಯಿಸ್ತಾನೇ ಇದಾನೆ."

ನಾನು ಇಳಿದು ಓಡಿ, ಪತ್ರಿಕೆ ಹರಿದು, ಹ್ಯಾಂಡಲನ್ನು ಹನುಮಂತರಾಯಪ್ಪನವರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು. ಎತ್ತುಗಳು ನಿಂತವು. ಅವರ ಕೈ ಮುಂದೆ ಬರಲಿಲ್ಲ.

"ಇದನ್ಯಾಕೆ ತಂದ್ರಿ ಸ್ವಾಮಿ?"

"ತೊಗೊಳ್ಳಿ. ಹೊತ್ತಾಗ್ತಿದೆ."

"ಬ್ಯಾಡಿ. ಕಣ್ಣಿ ಇಸ್ಕಂಡ್ರೆ ನಿಮ್ ಕೊಟ್ಟಿಗೆ ಬರಿದಾಯ್ತದೆ. ನಿಮ್ಮತ್ತೆಮ್ಮ ಒಂದು ಮಾತಂದ್ರು, ನಾನು ಊಂ ಅಂದಿವ್ನಿ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಅವರ ಗಲ್ಲದ ಮೇಲೆ ಧೂಳಿನ ಮೇಲೆ ನೀರು ಹರಿದ ಗೆರೆಗಳಿದ್ದವು. ಬೆವರೋ, ಬೇರೆಯೋ. ಹಿಂದಿನ ಸೀಟಿನಲ್ಲಿ ಮಗಳು ನರಳುತ್ತಿದ್ದಾಳೆ. ಈ ಮನುಷ್ಯ ನಡುರಸ್ತೆಯಲ್ಲಿ ನಿಂತು ರಾಯದುರ್ಗದ ನಮ್ಮ ಎಮ್ಮೆಯ ಕೊಟ್ಟಿಗೆಯ ಚಿಂತೆ ಮಾಡುತ್ತಿದ್ದಾರೆ.

ಆಗ ಸೀರೆಯ ಹಿಂದಿನಿಂದ ಮಾತು ಬಂತು. ರಂಗಮ್ಮನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಅಪ್ಪಾ, ನೀನು ಇಸ್ಕಬ್ಯಾಡ. ಅವ್ರೇ ತಿರುಗಿಸ್ಲಿ." ಒಂದು ಉಸಿರು ಎಳೆದು ಮತ್ತೆ ಅಂದಳು: "ಕಣ್ಣಿ ಅವ್ರ ಕೈಯಾಗೇ ಇರ್ಲಿ. ಅವ್ರನ್ನೂ ಕಾರಿಗೆ ಅತ್ತಿಸ್ಕಳಿ."

ಅವಳ ತಾಯಿ ಒಳಗಿನಿಂದ, "ಕೇಳುಸ್ತಾ? ನಿಮಗಿಂತ ಅವಳಿಗೇ ಬುದ್ಧಿ ನೆಟ್ಟಗೈತೆ" ಎಂದರು.

ಹನುಮಂತರಾಯಪ್ಪ ಆಗಲೇ ನೊಗದಿಂದ ಹಗ್ಗ ಬಿಚ್ಚುತ್ತಿದ್ದರು. ಎತ್ತುಗಳನ್ನು ಹೊಲಕ್ಕೆ ಮುಟ್ಟಿಸೆಂದು ಜಟಕಾದವನಿಗೆ ಒಪ್ಪಿಸಿದರು. ನಾನು ಹ್ಯಾಂಡಲು ತೂರಿಸಿ ತಿರುವಿದೆ. ಒಮ್ಮೆ ಒದೆಯಿತು. ಮತ್ತೆ ತಿರುವಿದೆ. ಎದ್ದಿತು.

ಒಳಗೆ ನನಗೆ ಜಾಗವಿರಲಿಲ್ಲ. ಹ್ಯಾಂಡಲು ಒಳಗಿಡಲು ಹನುಮಂತರಾಯಪ್ಪ ಒಪ್ಪಲಿಲ್ಲ. ದಾರ ಕಟ್ಟಿದ ಎಡಬಾಗಿಲ ಹೊರಗೆ, 'ಫುಟ್‌ಬೋರ್ಡಿ'ನ ಮೇಲೆ ಒಂದು ಕೈಯಲ್ಲಿ ಚೌಕಟ್ಟು, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು ನಿಂತು ನಾನು ಹಿಂದೂಪುರದವರೆಗೆ ಹೋದೆ. ಎದುರಿಗೆ ಬಂದ ಗಾಡಿಯವರು ಇವನು ಯಾರನ್ನು ಹೊಡೆಯಲು ಹೊರಟಿದ್ದಾನೆ ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಊರ ಹೊರಗಿನ ರೈಲ್ವೆ ಗೇಟು ಹಾಕಿತ್ತು. ಬ್ರೇಕು ಎಂದಿನಂತೆ ಯೋಚನೆ ಮಾಡಿ ಹಿಡಿಯಿತು, ಇಂಜಿನು ಸತ್ತಿತು. ಗೂಡ್ಸು ಗಾಡಿ ಹೋಗುವಷ್ಟು ಹೊತ್ತೂ ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ನರಳುವುದು ನಿಂತದ್ದು ನನಗೆ ನರಳುವುದಕ್ಕಿಂತ ಭಯವಾಯಿತು. ಹನುಮಂತರಾಯಪ್ಪ ಹಿಂದೆ ತಿರುಗಿ ನೋಡಲಿಲ್ಲ. ಮುಂದೆ ಹೋಗುತ್ತಿದ್ದ ಡಬ್ಬಿಗಳನ್ನೇ ನೋಡುತ್ತಿದ್ದರು. ಗೇಟು ತೆರೆಯುವ ಮೊದಲೇ ನಾನು ತಿರುವಿ ಎಬ್ಬಿಸಿ ನಿಂತೆ.

ಆಸ್ಪತ್ರೆಯ ವರಾಂಡದಲ್ಲಿ ನಾವು ಮೂವರು ಗಂಡಸರು ಒಂದೇ ಬೆಂಚಿನ ಮೇಲೆ ಕೂತೆವು. ಹ್ಯಾಂಡಲು ನನ್ನ ಕಾಲ ಮೇಲೆ. ಬಿಸಿಲು ವರಾಂಡದ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ಲೇಡಿ ಡಾಕ್ಟರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಹೆಣ್ಣು. ಇಬ್ಬರೂ ಇದ್ದಾರೆ" ಎಂದರು. ಹನುಮಂತರಾಯಪ್ಪ ಎದ್ದು ನಿಂತು, ಮತ್ತೆ ಕೂತರು. "ಅಡ್ಡ ತಿರುಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ" ಎಂದು ಡಾಕ್ಟರು ಒಳಗೆ ಹೋದರು.

ಕಾಲ ಮೇಲೆ ಏನಿದೆ ಎಂಬುದನ್ನು ಮರೆತು ನಾನು ಎದ್ದುಬಿಟ್ಟೆ. ಹ್ಯಾಂಡಲು ನೆಲಕ್ಕೆ ಬಿದ್ದು ಆಸ್ಪತ್ರೆಯೆಲ್ಲ ಸದ್ದಾಯಿತು. ಯಾರೋ ಗದರಿದರು.

ಸದ್ದು ಕೇಳಿ ರಂಗಮ್ಮನ ತಾಯಿ ಬಾಗಿಲಿಗೆ ಬಂದರು. ಅವರ ಕಣ್ಣು ಹ್ಯಾಂಡಲಿನ ಮೇಲೆ ನಿಂತಿತು. ಗಾಳಿ, ದೃಷ್ಟಿ ಸೋಕದಂತೆ ಬಾಣಂತಿಯ ತಲೆದೆಸೆಗೆ ಒಂದು ಕಬ್ಬಿಣ ಇರಬೇಕು. ಅದಕ್ಕೆಂದು ಎತ್ತಿಟ್ಟ ಕುಡುಗೋಲು ಅವಸರದಲ್ಲಿ ಮನೆಯಲ್ಲೇ ಉಳಿದಿತ್ತು.

"ಸ್ವಾಮಿ, ಅದನ್ನ ಒಂದಷ್ಟು ದಿನ ಎರವು ಕೊಡ್ತೀರಾ?"

ನಾನು ಹನುಮಂತರಾಯಪ್ಪನವರ ಮುಖ ನೋಡಿದೆ. ಅವರು ಸ್ವಲ್ಪ ಯೋಚಿಸಿದರು.

"ಎರವು ಅಂದ್ರೆ ಪರವಾಗಿಲ್ಲ" ಎಂದರು.

ಬರಿಗೈಯಲ್ಲಿ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದಳು. ಮೊದಲು ಕೇಳಿದ್ದು ಹುಡುಗಿಯನ್ನು, ಆಮೇಲೆ ಕೂಸನ್ನು. ಎಲ್ಲಾ ಕೇಳಿದ ಮೇಲೆ ನನ್ನ ಕೈ ನೋಡಿದಳು. ಹೇಳಿದೆ. "ಎರವು ಕೊಟ್ಟದ್ದು ತಿರುಗಿ ಬರತೈತಿ" ಎಂದು ಒಳಗೆ ಹೋದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ ಎಂದು ನನಗೆ ಮರುದಿನ ಗೊತ್ತಾಯಿತು.

ಬಾಣಂತನ ಮುಗಿದ ಮೇಲೆ ಹನುಮಂತರಾಯಪ್ಪನವರು ಬಸ್ಸಿನಲ್ಲಿ ರಾಯದುರ್ಗಕ್ಕೆ ಬಂದರು. ನಾನು ಆಗ ಮದರಾಸಿನಲ್ಲಿದ್ದೆ. ಹ್ಯಾಂಡಲನ್ನು ಕೂಸಿನ ಹಳೆಯ ಕುಲಾವಿಯ ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಯಾರ ಕೈಗೂ ಕೊಡದೆ ನೆಟ್ಟಗೆ ಕೊಟ್ಟಿಗೆಗೆ ನಡೆದು ಗೂಟಕ್ಕೆ ಹಾಕಿದರಂತೆ. ಅಷ್ಟರಲ್ಲಿ ಮಡಕಶಿರದ ಕಮ್ಮಾರ ಹೊಸ ಹ್ಯಾಂಡಲು ಮಾಡಿಕೊಟ್ಟಿದ್ದ.

ಈಗ ತಿಳಿದಿರುವುದು ಇಷ್ಟು. ರಂಗಮ್ಮನ ಮಗಳಿಗೆ ಆರು ತುಂಬಿದೆ. ಕುರಿ ವ್ಯಾಪಾರಕ್ಕೆ ಕಳೆದ ವಾರ ರಾಯದುರ್ಗಕ್ಕೆ ಬಂದಿದ್ದ ಅಗಳಿಯವರೊಬ್ಬರು, ನಮ್ಮ ಮನೆಗೆ ಸುಣ್ಣ ಬಳಿಯುತ್ತಿದ್ದ ದಿನವೇ ಬಂದು ಹೇಳಿಹೋದರು: ಹನುಮಂತರಾಯಪ್ಪ ಕಾರನ್ನು ಶಿರಾ ಕಡೆಯ ಒಬ್ಬರಿಗೆ ಮಾರಿದ್ದಾರೆ. ಹ್ಯಾಂಡಲು ಕೊಟ್ಟರೇ ಎಂದು ಕೇಳಿದೆ. ಕೊಂಡವರು ಹೊಸ ಹಗ್ಗ ತಂದಿದ್ದರು ಎಂದರು.